ಹುಸೇನಪ್ಪ ಎಂಬ ಸಮಾಸ

ಕೇಳುಗರಿಗೆ ಶರಣು ಶರಣಾರ್ಥಿ.

ಕಲಬುರಗಿಯ ಕಡೆ ಈ ಮಾತು ನಮಸ್ಕಾರವೂ ಹೌದು, ಹೆಸರೂ ಹೌದು. ಇಲ್ಲಿಯ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ಶರಣಪ್ಪ, ಶರಣಮ್ಮ, ಶರಣಗೌಡ, ಶರಣಬಸಪ್ಪ, ಹಿಂದೆ ಮುಂದೆ ಏನೂ ಸೇರಿಸದ ಬರೀ ಶರಣು, ಹೀಗೆ ಸಾಲು ಸಾಲಾಗಿ ಸಿಗುತ್ತಾರೆ. ಹೋಳಿ ಹುಣ್ಣಿಮೆಯ ಬೆನ್ನಿಗೇ ನಡೆಯುವ ಜಾತ್ರೆಯಲ್ಲಿ, ಶರಣಬಸವೇಶ್ವರ ಗುಡಿಯ ಮುಂದಿನ ಬಯಲಿನಲ್ಲಿ ನಿಂತು 'ಶರಣಪ್ಪಾ' ಎಂದು ಒಮ್ಮೆ ಕೂಗಿ ನೋಡಿ. ಎಷ್ಟು ಮುಖಗಳು ನಿಮ್ಮ ಕಡೆ ತಿರುಗುತ್ತವೆ!

ಗುಡಿಗೂ ಹಾಗೆಯೇ ಎರಡು ಹೆಸರು. ಕಾಗದದ ಮೇಲೆ ಶ್ರೀ ಶರಣಬಸವೇಶ್ವರ ದೇವಸ್ಥಾನ, ಜನರ ಬಾಯಲ್ಲಿ ಅಪ್ಪನ ಗುಡಿ. ಪಕ್ಕದ ಕೆರೆ ಅಪ್ಪನ ಕೆರಿ. ಪೀಠದಲ್ಲಿ ಕುಳಿತವರು ಅಪ್ಪಾ ಅವರು. ಊರಿಗೆ ಹೊಸದಾಗಿ ಬಂದವರು ಯಾರ ಅಪ್ಪ ಎಂದು ಕೇಳಿದರೆ ಆಟೋದವನು ಅಚ್ಚರಿಯಿಂದ ನೋಡುತ್ತಾನೆ. ತೇರಿನ ಹಗ್ಗಕ್ಕೆ ಕೈ ಹಚ್ಚಿದಾಗ ಏಳುವ ಜೈಕಾರವನ್ನು ಕಿವಿಗೊಟ್ಟು ಕೇಳಿ: 'ಶರಣಬಸವೇಶ್ವರ ಮಹಾರಾಜ ಕೀ ಜೈ'. ಶರಣ ಸಂಸ್ಕೃತದ ಮಾತು. ಬಸವ ವೃಷಭದಿಂದ ಹುಟ್ಟಿ ಕನ್ನಡದ ಮನೆಯಲ್ಲಿ ಬೆಳೆದದ್ದು. ಆಮೇಲಿನ 'ಕೀ' ಹಿಂದುಸ್ತಾನಿ. ಉತ್ತತ್ತಿ, ಬಾಳೆಹಣ್ಣು ತೇರಿನ ಮೇಲೆ ಬೀಳುತ್ತಿರುವ ಆ ಗದ್ದಲದಲ್ಲಿ ಯಾರಿಗೂ ಇದು ಮೂರು ಕಡೆಯ ಮಾತು ಎನ್ನಿಸುವುದಿಲ್ಲ. ಎನ್ನಿಸಬೇಕಾಗಿಯೂ ಇಲ್ಲ.

ಈ ನೆಲದಲ್ಲಿ ಮಾತುಗಳು ಒಂದರೊಳಗೊಂದು ಹೊಕ್ಕು ಆಡುವ ಆಟದ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆ ಆಟವನ್ನು ಕಟ್ಟಿದವರಲ್ಲಿ ರಾಜರಿದ್ದಾರೆ, ಸಂತರಿದ್ದಾರೆ. ಆದರೆ ಹೆಚ್ಚಿನವರು ಹೊಲದಲ್ಲಿ ಕಳೆ ಕಿತ್ತವರು, ರೊಟ್ಟಿ ಬಡಿದವರು.

ಗುಡಿಯಿಂದಲೇ ಶುರು ಮಾಡೋಣ. ಶರಣಬಸವೇಶ್ವರರು 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದರು, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಅವರಿಗೆ ಜನ ಕೊಟ್ಟ ಬಿರುದು ಮಹಾದಾಸೋಹಿ. ಹೊಲದ ಜೋಳಕ್ಕೆ ಎರಗಿದ ಹಕ್ಕಿಗಳನ್ನು ಓಡಿಸದೆ, ತಿಂದ ಮೇಲೆ ಕುಡಿಯಲಿ ಎಂದು ನೀರಿಟ್ಟರು ಎಂಬ ಕಥೆಯನ್ನು ಇಲ್ಲಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ದಾಸೋಹವೆಂದರೆ ನಮಗೆ ಅನ್ನ, ಸಾರು, ಹುಗ್ಗಿ, ಸಾಲಾಗಿ ಕೂತ ಜನ. ಆ ಮಾತಿನ ಹುಟ್ಟು ಮಾತ್ರ ಅಡುಗೆಮನೆಯದಲ್ಲ. 'ಸಃ ಅಹಂ' ಎರಡೂ ಸೇರಿದರೆ 'ಸೋಹಂ', ಅವನೇ ನಾನು. ಬಹಳ ದೊಡ್ಡ ಮಾತು. ತಪಸ್ವಿಗಳು ಬೆಟ್ಟದ ಮೇಲೆ ಕೂತು ಮುಟ್ಟಲು ಹಂಬಲಿಸಿದ ಮಾತು. ಹನ್ನೆರಡನೆಯ ಶತಮಾನದ ಶರಣರು ಅದರ ಮುಂದೆ ಒಂದೇ ಒಂದು ಅಕ್ಷರ ಇಟ್ಟರು: 'ದಾ'. ಸೋಹಂ ಹೋಗಿ ದಾಸೋಹಂ ಆಯಿತು. ಅವನೇ ನಾನು ಎಂದದ್ದು ನಾನು ಆಳು ಎಂದಾಯಿತು. ಭಾರತದ ಭಾಷೆಗಳಲ್ಲಿ ಶ್ಲೇಷೆಗೇನೂ ಬರವಿಲ್ಲ, ಆದರೆ ಒಂದು ಅಕ್ಷರದ ಆಟ ಎಂಟುನೂರು ವರ್ಷ ಒಲೆ ಆರದಂತೆ ಉರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೇ ಊರಿನಲ್ಲಿ ಇನ್ನೊಬ್ಬ ಮಹಾತ್ಮರಿದ್ದಾರೆ, ಖಾಜಾ ಬಂದೇ ನವಾಜ್. 1321ರಲ್ಲಿ ಹುಟ್ಟಿದ ಅವರು ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಹನ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ತೀರಿಕೊಂಡರು. ಅಪ್ಪನ ಲಿಂಗೈಕ್ಯ 1822. ನಡುವೆ ಸರಿಯಾಗಿ ನಾನೂರು ವರ್ಷ. ಅವರ ನಿಜನಾಮ ಸೈಯದ್ ಮುಹಮ್ಮದ್ ಹುಸೇನಿ. ನೀಳ ಕೂದಲಿನಿಂದ ಗೇಸೂದರಾಜ್ ಎಂದೂ ಕರೆದರು. ಊರು ಮಾತ್ರ ಹಿಡಿದುಕೊಂಡದ್ದು ಬಂದೇ ನವಾಜ್ ಎಂಬ ಹೆಸರನ್ನು. ಫಾರಸಿಯಲ್ಲಿ 'ಬಂದಾ' ಎಂದರೆ ಆಳು, ಸೇವಕ. 'ನವಾಜ್' ಎಂದರೆ ಕರುಣೆಯಿಂದ ಪೊರೆಯುವವ. ಆಳುಗಳನ್ನು ಪೊರೆಯುವವ. ಒಬ್ಬರ ಬಿರುದಿನಲ್ಲಿ ದಾಸ, ಇನ್ನೊಬ್ಬರ ಹೆಸರಿನಲ್ಲಿ ಬಂದಾ! ಒಂದು ಸಂಸ್ಕೃತದ ದಾರಿಯಿಂದ ಬಂದದ್ದು, ಇನ್ನೊಂದು ಫಾರಸಿಯ ದಾರಿಯಿಂದ ಬಂದದ್ದು. ಯಾರೂ ಕೂಡಿ ಮಾತಾಡಿ ಇಟ್ಟ ಹೆಸರುಗಳಲ್ಲ ಇವು. ಆದರೂ ಒಂದೇ ಊರಿನ ಗುಡಿಯೂ ದರ್ಗಾವೂ ಒಂದೇ ಅರ್ಥವನ್ನು ಎರಡು ನುಡಿಯಲ್ಲಿ ಹೊತ್ತು ನಿಂತಿವೆ. ಇದನ್ನು ಮೊದಲು ಗಮನಿಸಿದ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ.

ಈಗ ಸ್ವಲ್ಪ ದೂರ ಹೋಗೋಣ. ಕಲಬುರಗಿಯಿಂದ ಸೇಡಂ ದಾರಿ ಹಿಡಿದು ನಲವತ್ತು ಕಿಲೋಮೀಟರಿನಷ್ಟು ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಇಂದು ಅಲ್ಲಿ ಕೋಟೆಯ ಕಲ್ಲುಗಳಿವೆ, ಸುತ್ತ ತೊಗರಿಯ ಹೊಲಗಳಿವೆ. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಸುಮಾರು 850ರ ಹೊತ್ತಿಗೆ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗೆ ಉಳಿದು ಬಂದಿರುವ ಮೊದಲ ಕನ್ನಡ ಗ್ರಂಥ ಅದು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಅಚ್ಚಿಗೆ ತಂದರು.

ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಎಂಬ ಮಾತು ಎಲ್ಲರಿಗೂ ಗೊತ್ತು. ಭಾಷಣಗಳಲ್ಲಿ ಅದನ್ನು ಸಾಕಷ್ಟು ಕೇಳಿದ್ದೇವೆ. ಅದೇ ಗ್ರಂಥದಲ್ಲಿ ನನಗೆ ಹೆಚ್ಚು ಪ್ರಿಯವಾದವು ಬೇರೆ ಎರಡು ಮಾತು. ಒಂದು: ಈ ನಾಡಿನ ಜನ ಓದದೆಯೂ ಕಾವ್ಯ ಕಟ್ಟಬಲ್ಲರು ಎನ್ನುತ್ತಾನೆ ಕವಿ. ಅರಮನೆಯಲ್ಲಿ ಕೂತು ಲಕ್ಷಣಗ್ರಂಥ ಬರೆಯುವ ಪಂಡಿತ ಅಕ್ಷರ ಬಾರದವರ ಬಗ್ಗೆ ಇಂಥ ಮಾತು ಆಡಿದ್ದು ಸಣ್ಣದಲ್ಲ. ಇನ್ನೊಂದು: ಕನ್ನಡವನ್ನು ಆತ ಬಹುವಚನದಲ್ಲಿ ಹೇಳುತ್ತಾನೆ, 'ಕನ್ನಡಂಗಳ್' ಎಂದು. ನಾಡಿನ ದೇಸಿ ಬೇರೆ ಬೇರೆಯಾಗಿರುವುದರಿಂದ ಇವುಗಳಲ್ಲಿ ದೋಷ ಇಷ್ಟೇ ಎಂದು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎನ್ನುತ್ತಾನೆ. ಹನ್ನೊಂದು ನೂರು ವರ್ಷಗಳ ಹಿಂದೆಯೇ ಒಬ್ಬ ಲಾಕ್ಷಣಿಕ ಒಪ್ಪಿಕೊಂಡ: ಕನ್ನಡ ಒಂದಲ್ಲ, ಹಲವು. ಮಂಗಳೂರಿನದೊಂದು, ಮೈಸೂರಿನದೊಂದು, ಧಾರವಾಡದ್ದೊಂದು. ಒಪ್ಪಿಕೊಂಡವನು ಕೂತದ್ದು ನಮ್ಮ ಕಾಗಿಣಾ ದಂಡೆಯಲ್ಲಿ.

ಆ ರಾಜಧಾನಿಗೆ ಮಾತಿನಾಟದ ಹುಚ್ಚು ವಿಪರೀತ. 'ಕವಿರಾಜಮಾರ್ಗ'ದ ಮೂರು ಪರಿಚ್ಛೇದಗಳಲ್ಲಿ ನಡುವಿನದು ಪೂರ್ತಿ ಶಬ್ದಾಲಂಕಾರಕ್ಕೇ ಮೀಸಲು: ಪ್ರಾಸದ ಬಗೆಗಳು, ಯಮಕ, ಅಕ್ಷರಗಳನ್ನು ಚಿತ್ರದಂತೆ ಹೆಣೆಯುವ ಕಸರತ್ತು. ಅಮೋಘವರ್ಷನದೆಂದು ಹೇಳುವ ಸಂಸ್ಕೃತದ 'ಪ್ರಶ್ನೋತ್ತರ ರತ್ನಮಾಲಿಕೆ'ಯಂತೂ ಆದಿಯಿಂದ ಅಂತ್ಯದವರೆಗೆ ಪ್ರಶ್ನೆ, ತಕ್ಷಣ ಉತ್ತರ. ಕುರುಡ ಯಾರು, ಕಿವುಡ ಯಾರು ಎಂದು ಕೇಳಿ ಒಂದೆರಡು ಮಾತಿನಲ್ಲಿ ಬಿಡಿಸುವ ಪುಟ್ಟ ಪುಸ್ತಕ. ಅದು ಟಿಬೆಟನ್ ಭಾಷೆಗೂ ಹೋಯಿತು. ಅದೇ ರಾಜನನ್ನು ಹೊಗಳಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಅಂಕಿಗಳಲ್ಲೂ ಆಟ ಹೂಡಿದ. ಕೈಯಲ್ಲಿ ಪೆನ್ಸಿಲ್ ಇದ್ದವರು ಬರೆದುಕೊಳ್ಳಿ. 139ನ್ನು 109ರಿಂದ ಗುಣಿಸಿ: 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. 27994681ನ್ನು 441ರಿಂದ ಗುಣಿಸಿದರೆ 12345654321. ಆರರವರೆಗೆ ಮೆಟ್ಟಿಲು ಹತ್ತಿ ಮತ್ತೆ ಇಳಿಯುತ್ತದೆ. ಇಂಥ ಸಂಖ್ಯೆಗಳಿಗೆ ಆತ ಇಟ್ಟ ಹೆಸರು ಕಂಠಿಕೆ, ಕೊರಳ ಹಾರ. ಮನೆಯಲ್ಲಿ ಲೆಕ್ಕಕ್ಕೆ ಹೆದರುವ ಮಕ್ಕಳಿದ್ದರೆ ಇವತ್ತು ರಾತ್ರಿ ಈ ಹಾರ ಪೋಣಿಸಲು ಹಚ್ಚಿ.

ಅಷ್ಟು ಆಟ ಬಲ್ಲ ಶ್ರೀವಿಜಯನಿಗೆ ಒಂದು ವಿಷಯದಲ್ಲಿ ಮಾತ್ರ ಬಿಗಿ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಹದವರಿಯದೆ ಸಮಾಸದಲ್ಲಿ ಬೆಸೆದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದ. ಒಡೆದು ಹೋಗುತ್ತದೆ ಎಂದು. ಮುಂದೆ ವ್ಯಾಕರಣದವರು ಇಂಥ ಬೆಸುಗೆಗೆ ಅರಿಸಮಾಸ ಎಂಬ ಹೆಸರಿಟ್ಟರು, ಶತ್ರುಗಳ ಕೂಟ ಎಂಬಂತೆ. ನಾವೆಲ್ಲ ಶಾಲೆಯಲ್ಲಿ ಅದನ್ನು ತಪ್ಪು ಎಂದು ಕಲಿತು ಅಂಕ ಪಡೆದವರು.

ಶ್ರೀವಿಜಯನ ಮೇಲೆ ನನಗೆ ಅಪಾರ ಗೌರವ. ಕಾವ್ಯದ ಹದಕ್ಕೆ ಆತ ಹೇಳಿದ್ದು ಸರಿಯೇ. ಆದರೆ ಆತನ ನೆರೆಯಲ್ಲೇ ನಡೆದ ಮುಂದಿನ ಕಥೆ ಬೇರೆ. 1347ರಲ್ಲಿ ಕಲಬುರಗಿ ಬಹಮನಿ ರಾಜ್ಯದ ರಾಜಧಾನಿಯಾಯಿತು. ಫಾರಸಿ ಕಚೇರಿಗೆ ಬಂತು, ದಖನಿ ಪೇಟೆಗೆ ಬಂತು. ಅಲ್ಲಿಂದ ನಿಜಾಮರ ಕಾಲ ಮುಗಿದ 1948ರ ಸೆಪ್ಟೆಂಬರ್ 17ರವರೆಗೆ ಹಾಲು ಕುದಿಯುತ್ತಲೇ ಇತ್ತು, ಮಜ್ಜಿಗೆ ಬೀಳುತ್ತಲೇ ಇತ್ತು. ಒಡೆಯಿತೇ? ನಿಮ್ಮ ಬಾಯಿಂದಲೇ ಉತ್ತರ ಬರಲಿ. ಬೆಂಗಳೂರಿನಲ್ಲಿ ಯಾರೋ ಕಾಲು ತುಳಿದು 'ಕ್ಷಮಿಸಿ' ಎಂದರೆ ನೀವೇನು ಹೇಳುತ್ತೀರಿ? 'ಪರವಾಗಿಲ್ಲ'. ಪರವಾ ಫಾರಸಿ, ಇಲ್ಲ ಕನ್ನಡ. ಅದರಷ್ಟು ಸೌಜನ್ಯದ ಮಾತು ಕನ್ನಡದಲ್ಲಿ ಇನ್ನೊಂದು ತೋರಿಸಿ! ಪಾಲುದಾರ, ಗುತ್ತಿಗೆದಾರ, ತೆರಿಗೆದಾರ: ಮುಂದಿನದು ನಮ್ಮದು, ಹಿಂದಿನ 'ದಾರ' ಫಾರಸಿಯದು. ಮೊನ್ನೆ ಮೊನ್ನೆ ಷೇರುಪೇಟೆಯ ಸುದ್ದಿ ಬರೆಯುವವರಿಗೆ ಹೊಸ ಪದ ಬೇಕಾದಾಗ ಅವರು ಹೂಡಿಕೆದಾರ ಎಂದರು. ಅಚ್ಚಗನ್ನಡದ ಹೂಡು ಎಂಬ ಧಾತುವಿಗೆ ಫಾರಸಿಯ ಬಾಲ ಹಚ್ಚಿದರು, ಓದುಗರಲ್ಲಿ ಯಾರೂ ಹುಬ್ಬೇರಿಸಲಿಲ್ಲ. ನಾಡಿನ ಎಲ್ಲ ಪತ್ರಿಕೆಗಳೂ ದಿನಾ ಅರಿಸಮಾಸ ಅಚ್ಚು ಹಾಕುತ್ತಿವೆ, ಕನ್ನಡ ಆರೋಗ್ಯವಾಗಿದೆ.

ಕನ್ನಡ ಕೊಟ್ಟದ್ದೂ ಇದೆ, ಅದನ್ನು ನಾವು ಕಡಿಮೆ ಹೇಳಿಕೊಳ್ಳುತ್ತೇವೆ. ದೆಹಲಿಯ ಉರ್ದುವಿನಲ್ಲಿ 'ಉಸ್‌ನೇ ಕಹಾ ಕಿ ಮೈಂ ಆವೂಂಗಾ' ಎನ್ನುತ್ತಾರೆ. ಅಂದ ಎಂಬುದು ಮೊದಲು, ಏನಂದ ಎಂಬುದು ಆಮೇಲೆ. ನಮ್ಮ ಕಲಬುರಗಿಯ ಓಣಿಯ ದಖನಿಯಲ್ಲಿ ಅದು 'ಆತೂಂ ಬೋಲ್ಕೆ ಬೋಲ್ಯಾ'. ಈಗ ಕನ್ನಡದಲ್ಲಿ ಹೇಳಿ ನೋಡಿ: 'ಬರ್ತೀನಿ ಅಂತ ಅಂದ'. ಒಂದೊಂದು ಪದವೂ ತನ್ನ ಜಾಗದಲ್ಲಿ ಹಾಗೇ ಕೂತಿದೆ. ನಮ್ಮ 'ಅಂತ' ದಖನಿಯ ಉಡುಪು ಹಾಕಿಕೊಂಡು 'ಬೋಲ್ಕೆ' ಆಗಿದೆ. ತೆಲುಗಿನ ನೆರವೂ ಇದರಲ್ಲಿದೆ. ಬೇಡ ಎನ್ನಲು 'ನಕ್ಕೋ' ಕೊಟ್ಟದ್ದು ಮರಾಠಿ. ಪದ ಸಾಲ ಕೊಡುವುದು ಸುಲಭ. ವಾಕ್ಯದ ಎಲುಬನ್ನೇ ಕೊಡಬೇಕಾದರೆ ಅಕ್ಕಪಕ್ಕದ ಮನೆಯಲ್ಲಿ ತಲೆಮಾರುಗಟ್ಟಲೆ ಬಾಳಿರಬೇಕು, ಜಗಳವಾಡಿರಬೇಕು, ಒಂದೇ ಬಾವಿಗೆ ಕೊಡ ಇಳಿಸಿರಬೇಕು. ಇಲ್ಲಿ ಅದು ನಡೆದಿದೆ.

ಮಾತಿಗಿಂತ ಮುಂದೆ ಹೋಗಿ ಮನುಷ್ಯರೇ ಸಮಾಸವಾದ ಸೀಮೆ ಇದು. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಹುಸೇನಪ್ಪ ಎಂಬ ಹೆಸರು ಕೇಳಿರುತ್ತೀರಿ. ಮೌಲಪ್ಪ, ಸೈದಪ್ಪ, ಖಾಜಪ್ಪ, ಫಕೀರಪ್ಪ, ಲಾಲಪ್ಪ. ಹೆಚ್ಚಿನವರ ಹಣೆಯಲ್ಲಿ ವಿಭೂತಿ ಇರುತ್ತದೆ. ಮಕ್ಕಳ ಫಲಕ್ಕೆಂದು ಮೊಹರಮ್ಮಿನ ಅಲಾಯಿ ದೇವರಿಗೋ ದರ್ಗಾಕ್ಕೋ ಹರಕೆ ಹೊತ್ತು, ಹುಟ್ಟಿದ ಕೂಸಿಗೆ ಆ ಹೆಸರಿಟ್ಟು, ನಮ್ಮವನೇ ಎಂದು ಹೇಳಲು ಹಿಂದೆ 'ಅಪ್ಪ' ಸೇರಿಸಿದರು. ಅರಬ್ಬಿಯ ಹುಸೇನ, ಕನ್ನಡದ ಅಪ್ಪ. ವ್ಯಾಕರಣದ ಪುಸ್ತಕ ಏನೇ ಅನ್ನಲಿ, ಹುಸೇನಪ್ಪ ಎಂಬ ಸಮಾಸ ಎತ್ತಿನ ಗಾಡಿ ಹೂಡಿದೆ, ತೊಗರಿ ರಾಶಿ ಮಾಡಿದೆ, ಅಪ್ಪನ ಜಾತ್ರೆಗೆ ಬಂದು ತೇರಿನ ಹಗ್ಗ ಎಳೆದಿದೆ. ಈ ಹೆಸರುಗಳು ಈಗಿನ ತೊಟ್ಟಿಲುಗಳಲ್ಲಿ ಕಡಿಮೆಯಾಗುತ್ತಿವೆ ಎಂಬುದು ನನಗೆ ನಿಜವಾಗಿ ದುಃಖದ ಸಂಗತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇರುವ ಮನೆಗಳಾದರೂ ಅದನ್ನು ಉಳಿಸಿಕೊಳ್ಳಲಿ.

ಓದದೆಯೂ ಕಾವ್ಯ ಕಟ್ಟುವವರು ಎಂದ ಶ್ರೀವಿಜಯನ ಮಾತಿಗೆ ಸಾಕ್ಷಿ ಬೇಕಲ್ಲವೇ? ಮದುವೆ ಮನೆಗೆ ಬನ್ನಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆ ನಮ್ಮ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳ ಮೇಲಿತ್ತು. ಕಟ್ಟಳೆ ಅನ್ಯಾಯದ್ದೇ. ಆ ಅನ್ಯಾಯದ ಸಂದಿಯಲ್ಲಿ ಅವರು ಒಂದು ಕಾವ್ಯಪ್ರಕಾರವನ್ನೇ ಕಟ್ಟಿಕೊಂಡರು: ಒಡಪು. ಹೊಸ ಮದುಮಗಳನ್ನು ಬಾಗಿಲಲ್ಲಿ ತಡೆದು, 'ಹೆಸರ ಹೇಳಿ ಒಳಗ ಬಾ' ಎನ್ನುತ್ತಾರೆ ನಾದಿನಿಯರು. ಆಕೆ ಪ್ರಾಸಬದ್ಧ ಎರಡು ಸಾಲು ಕಟ್ಟಿ ಅದರ ಮಡಿಲಲ್ಲಿ ಹೆಸರಿಟ್ಟು ಹೇಳಬೇಕು. ಮಾದರಿಗೆಂದು ನಾನೇ ಒಂದೆರಡು ಕಟ್ಟಿದ್ದೇನೆ, ಕೇಳಿ:

ಅಪ್ಪನ ಕೆರಿ ದಂಡಿಗಿ ಹಕ್ಕಿಗೋಳ ಗುಂಪು,
ಶರಣಪ್ಪನವರ ಹೆಸರ ಹೇಳಿದ್ರ ಜೀವಕ್ಕ ತಂಪು.

ಇನ್ನೊಂದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸೊಸೆಗೆ:

ಕಮಲಾಪುರದ ತ್ವಾಟದಾಗ ಕೆಂಪು ಬಾಳಿ ಗೊನಿ,
ಬಸಣ್ಣನವರ ಹೆಸರ ಹೇಳೀನಿ, ತುಂಬ್ಯದ ನಮ್ಮ ಮನಿ.

ನಾನು ಕಾಗದ ಮುಂದಿಟ್ಟುಕೊಂಡು ಕಟ್ಟಿದ್ದು. ಆ ಹೆಣ್ಣುಮಕ್ಕಳು ಹೊಸ್ತಿಲಲ್ಲಿ ನಿಂತು, ನಗುವ ಹತ್ತು ಮುಖಗಳ ಎದುರು, ನಿಂತ ನಿಲುವಿನಲ್ಲಿ ಕಟ್ಟುತ್ತಿದ್ದರು. ಗಂಡನ ಹೆಸರಿನ ಪದ ಮಾತಿನ ನಡುವೆ ಬಂದರೂ ಅದನ್ನು ಹಾರಿಸಿ ಬೇರೆ ಪದ ಹಾಕುವವರಿದ್ದರು. ಹಾಗಾದರೆ ಗಂಡನ ಹೆಸರು ಶರಣಪ್ಪ ಆದವಳ ಗತಿ ಏನು? ಈ ಊರಿನಲ್ಲಿ ಶರಣು ಎನ್ನದೆ ದಿನ ಕಳೆಯುವುದು ಹೇಗೆ? ನಮ್ಮ ಓಣಿಯ ಒಬ್ಬ ಆಯಿ ಗುಡಿಗೆ ಹೊರಟಾಗ ಅಪ್ಪನ ಗುಡಿ ಎಂದೂ ಅನ್ನುತ್ತಿರಲಿಲ್ಲ, ಶರಣಬಸಪ್ಪನ ಗುಡಿ ಎಂದೂ ಅನ್ನುತ್ತಿರಲಿಲ್ಲ. 'ಕೆರಿ ಗುಡಿಗಿ ಹೋಗಿ ಬರ್ತೀನಿ' ಎನ್ನುತ್ತಿದ್ದಳು. ಎದುರಿಗೆ ಬಂದವರು ಶರಣು ಅಂದರೆ ಎರಡೂ ಕೈ ಎತ್ತಿ ಮುಗಿದು ನಗುತ್ತಿದ್ದಳು.

ಗಂಡಸರ ಮಾತಿನಾಟ ಬಯಲಿನದು. ಅಫಜಲಪುರ, ಇಂಡಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ಹರದೇಶಿ ನಾಗೇಶಿ ಹಾಡಿಕೆ ಏರ್ಪಟ್ಟರೆ ಬೆಳಗಿನವರೆಗೆ ಯಾರೂ ಏಳುವುದಿಲ್ಲ. ಎರಡು ಮೇಳ. ಒಂದು ಹರನ ಪಕ್ಷ, ಗಂಡು ಹೆಚ್ಚು ಎಂದು ಹಾಡುತ್ತದೆ. ಇನ್ನೊಂದು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎಂದು ಹಾಡುತ್ತದೆ. ದಪ್ಪು ತುಂತುಣಿಯ ಜೊತೆ ಒಬ್ಬರು ಪುರಾಣದಿಂದ ಎತ್ತಿದ ಒಂದು ಬಿಕ್ಕಟ್ಟನ್ನು ಸವಾಲಾಗಿ ಎಸೆಯುತ್ತಾರೆ; ಎದುರಿನವರು ಪದದಲ್ಲೇ ಜವಾಬು ಕಟ್ಟಬೇಕು. ಸವಾಲ್ ಜವಾಬ್ ಎಂಬ ಹೆಸರೇ ಅರಬ್ಬಿಯದು. ಒಳಗಿರುವುದು ಶಿವ, ಪಾರ್ವತಿ, ಸಾಂಖ್ಯದ ಪ್ರಕೃತಿ ಪುರುಷ. ಈಗ ನಾಗೇಶಿಯ ಪಕ್ಷವನ್ನು ಹೆಣ್ಣುಮಕ್ಕಳೇ ಹಾಡುವ ಮೇಳಗಳಿವೆ. ಅವರ ಎದುರು ನಿಲ್ಲಲು ಗಂಡುಮೇಳಕ್ಕೆ ಬಲವಾದ ತಯಾರಿ ಬೇಕು.

ಮೊಹರಮ್ಮಿನಲ್ಲಿ ಹಾಡುವ ರಿವಾಯತ್ ಪದಗಳೂ ಇದೇ ಬಯಲಿನವು. ಕರ್ಬಲಾದಲ್ಲಿ ಮಡಿದವರ ಕಥೆ, ಭಾಷೆ ಕನ್ನಡ, ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರು. ಇನ್ನು ತತ್ವಪದಗಳು. ಅರಳಗುಂಡಗಿಯ ಸೀಮೆಯಲ್ಲೇ ಇರುವ ಕಡಕೋಳದ ಮಡಿವಾಳಪ್ಪನವರು ಈ ಹಾಡುಗಳ ದೊಡ್ಡ ಗುರು. ಅವರ ಶಿಷ್ಯರ ಹೆಸರು ಹೇಳಿದರೆ ಸಾಕು, ವಿವರಣೆ ಬೇಡ: ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಅಲ್ಲಮನ ಬೆಡಗಿನ ವಚನಗಳಂತೆ ಇವರ ಪದಗಳಲ್ಲೂ ಮಾತು ತನ್ನ ಅರ್ಥವನ್ನು ಬಚ್ಚಿಟ್ಟುಕೊಳ್ಳುತ್ತದೆ. ಏಕತಾರಿ ಹಿಡಿದು ಅಮಾವಾಸ್ಯೆಯ ಭಜನೆಯಲ್ಲಿ ಹಾಡುವ ರೈತ ಒಂದು ಪದ ಮುಗಿಸಿ, 'ಇದರ ಒಳಗೇನದ ಹೇಳ್ರಿ ನೋಡಾಮು' ಎಂದು ಸುತ್ತಲಿನವರನ್ನು ಕೇಳುತ್ತಾನೆ. ಆಮೇಲೆ ನಡೆಯುವ ಚರ್ಚೆ ಯಾವ ವಿಶ್ವವಿದ್ಯಾಲಯದ ಗೋಷ್ಠಿಗೂ ಕಡಿಮೆಯದಲ್ಲ. ಕೆಲವು ಗೋಷ್ಠಿಗಳಲ್ಲಿ ನಾನೂ ಕೂತಿದ್ದೇನೆ, ಭಜನೆಯಲ್ಲೂ ಕೂತಿದ್ದೇನೆ, ತೂಗಿ ನೋಡಿಯೇ ಹೇಳುತ್ತಿದ್ದೇನೆ.

ಒಗಟಿನ ಮಾತು ಬಂದಾಗ ಸರ್ವಜ್ಞನನ್ನು ಬಿಡುವಂತಿಲ್ಲ. ಸರ್ವಜ್ಞನಿಂದ ಕಲಬುರಗಿಗೆ ಒಂದು ಚಂದದ ದಾರಿಯಿದೆ. ಈ ಊರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಾಲ್ಕು ಸಲ ನಡೆದಿದೆ. 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಉರ್ದು ರಾಜಭಾಷೆಯಾಗಿದ್ದಾಗ, ಬಿ. ಎಂ. ಶ್ರೀಕಂಠಯ್ಯನವರು ಅಧ್ಯಕ್ಷರಾಗಿ ಬಂದರು. 1987ರಲ್ಲಿ ಜನಪದ ಸಾಹಿತ್ಯದ ಸಿಂಪಿ ಲಿಂಗಣ್ಣನವರು, 2020ರಲ್ಲಿ ಎಚ್. ಎಸ್. ವೆಂಕಟೇಶಮೂರ್ತಿಯವರು. ನಡುವಿನ 1949ರ ಸಮ್ಮೇಳನ ನನಗೆ ವಿಶೇಷ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಗಾಯ ಹಸಿಯಾಗಿತ್ತು. ಆ ಹೊತ್ತಿನಲ್ಲಿ ಕಲಬುರಗಿಯ ವೇದಿಕೆಯ ಮೇಲೆ ಅಧ್ಯಕ್ಷರಾಗಿ ಕೂತವರು ಉತ್ತಂಗಿ ಚನ್ನಪ್ಪನವರು. ಧಾರವಾಡದವರು, ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿ. ಹಳ್ಳಿ ಹಳ್ಳಿ ತಿರುಗಿ, ಓಲೆಗರಿಗಳಿಂದಲೂ ಜನರ ನಾಲಗೆಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದವರು. ಇವತ್ತು ನಾವು ಮಾತಿಗೊಮ್ಮೆ ಉದಾಹರಿಸುವ ಸರ್ವಜ್ಞ ಪುಸ್ತಕವಾಗಿ ಕೈಗೆ ಸಿಕ್ಕದ್ದು ಆ ಪಾದ್ರಿಯ ಶ್ರಮದಿಂದ. ಹೆಸರು ನೋಡಿ, ಉತ್ತಂಗಿ ಚನ್ನಪ್ಪ. ಇಲ್ಲೂ ಕೊನೆಗೊಬ್ಬ ಅಪ್ಪ ಇದ್ದಾನೆ.

ಇಷ್ಟೆಲ್ಲ ಇದ್ದೂ ನಮ್ಮವರಿಗೆ ಒಂದು ಅಳುಕು ಇದೆ, ಅದನ್ನು ಹೇಳದೆ ಮುಗಿಸಲಾರೆ. ಕಲಬುರಗಿಯ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತಿದೊಡನೆ ತಮ್ಮ ಮಾತನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. 'ಅದ' ಹೋಗಿ 'ಇದೆ' ಆಗುತ್ತದೆ, 'ಹೋಗ್ಯಾನ' ಹೋಗಿ 'ಹೋಗಿದ್ದಾನೆ' ಆಗುತ್ತದೆ. ದವಾಖಾನಿ, ಜಲ್ದಿ, ಬರೋಬ್ಬರಿ ಎಂಬ ಮಾತು ಬಾಯಿಗೆ ಬಂದರೆ ನಾಲಗೆ ಕಚ್ಚಿಕೊಳ್ಳುತ್ತಾರೆ. ಪರೀಕ್ಷೆಗೆ, ಕಚೇರಿಗೆ ಶಿಷ್ಟ ಕನ್ನಡ ಬೇಕು, ನಾನೀಗ ಓದುತ್ತಿರುವುದೂ ಹೆಚ್ಚುಕಡಿಮೆ ಅದೇ. ಆದರೆ ಎರಡನ್ನೂ ಇಟ್ಟುಕೊಳ್ಳಬಹುದಲ್ಲ! ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ತಮ್ಮ ಕಾದಂಬರಿಗಳ ಮಂದಿಯನ್ನು ಈ ಮಾತಿನಲ್ಲೇ ನಗಿಸಿದರು, ಅಳಿಸಿದರು, ಬೈದಾಡಿಸಿದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. 2010ರಲ್ಲಿ ಗದಗಿನ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ಕನ್ನಡಂಗಳ್' ಎಂದ ಶ್ರೀವಿಜಯ ಇದ್ದಿದ್ದರೆ ಅವರ ಪುಸ್ತಕವನ್ನು ಎದೆಗೊತ್ತಿಕೊಳ್ಳುತ್ತಿದ್ದ ಎಂದು ನಾನು ನಂಬಿದ್ದೇನೆ.

ಅದಕ್ಕೇ ಕೇಳುಗರಲ್ಲಿ, ಅದರಲ್ಲೂ ಕಾಲೇಜಿಗೆ ಹೋಗುವ ಮಕ್ಕಳಲ್ಲಿ, ಒಂದು ಕೆಲಸ ಬೇಡುತ್ತೇನೆ. ಜಾತ್ರೆಗೆ ದೂರದ ಊರುಗಳಿಂದ ಆಯಿ, ಮುತ್ಯಾ, ಅತ್ತಿ, ಕಾಕಾ ಎಲ್ಲರೂ ಬರುತ್ತಾರೆ. ತೇರಿನ ದಿನ ಅಪ್ಪಾ ಅವರು ಗುಡಿಯ ಪವಿತ್ರ ಪರುಷ ಬಟ್ಟಲು ತೋರಿಸುವವರೆಗೆ ಬಿಸಿಲಲ್ಲಿ ಕಾಯುತ್ತಾ ಕೂತಿರುತ್ತಾರೆ. ಆಗ ಅವರಿಗೆ ಪುರುಸೊತ್ತಿರುತ್ತದೆ. ಪಕ್ಕದಲ್ಲಿ ಕೂತು ಒಂದು ಒಡಪು ಹೇಳ್ರಿ ಆಯಿ ಎಂದು ಕೇಳಿ. ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ; ಬಿಡಬೇಡಿ, ಇನ್ನೊಮ್ಮೆ ಕೇಳಿ. ಒಬ್ಬರು ಶುರು ಮಾಡಿದರೆ ಪಕ್ಕದವರು ಅದಕ್ಕಿಂತ ಮೇಲಾದದ್ದು ಹೇಳುತ್ತಾರೆ. ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ, ರಾತ್ರಿ ಕೂತು ಬರೆದಿಡಿ. ಬರೆಯುವಾಗ 'ಅದ'ವನ್ನು 'ಇದೆ' ಎಂದು ತಿದ್ದಬೇಡಿ. ಹೇಳಿದವರ ಊರಿನ ಹೆಸರನ್ನು ಕೆಳಗೆ ಹಾಕಿ. ಆಳಂದದ ಕಡೆಯವರದರಲ್ಲಿ ಮರಾಠಿ ಮಾತು ನುಸುಳಿರುತ್ತದೆ, ಸೇಡಂ ಚಿಂಚೋಳಿಯವರದರಲ್ಲಿ ತೆಲುಗು. ಅವನ್ನೂ ಕೇಳಿದ ಹಾಗೆಯೇ ಬರೆಯಿರಿ.